ತೀರ ಪ್ರವಾಸ

ತೀರ ಪ್ರವಾಸವೆಂದರೆ ಹಲವು ಬಂದರುಗಳಲ್ಲಿ ತಂಗುತ್ತ ಸಾಗುವ ವಿಹಾರ ನೌಕೆಯ ಪ್ರಯಾಣಿಕರು ನಿಲುಗಡೆಯಲ್ಲಿ ದಡಕ್ಕಿಳಿದು ಕೈಗೊಳ್ಳುವ ಕಿರು ಪ್ರವಾಸ. ಕರ್ನಾಟಕದಲ್ಲಿ ಇಂತಹ ನೌಕೆಗಳು ಮುಖ್ಯವಾಗಿ ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುತ್ತವೆ. ಸಾಮಾನ್ಯವಾಗಿ ಬೆಳಗ್ಗೆ ಬಂದ ನೌಕೆ ಸಂಜೆಗೆ ಹೊರಡುವುದರಿಂದ ಏನನ್ನು ನೋಡಬಹುದೆಂಬುದನ್ನು ದೂರವೇ ನಿರ್ಧರಿಸುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಇಲ್ಲಿಂದ 200 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ನಡುವೆ ಶಿರಾಡಿ ಘಾಟಿಯನ್ನೂ ಹತ್ತಿ ಇಳಿಯಬೇಕು. ಹೋಗಿಬರುವಷ್ಟರಲ್ಲೇ ಹಗಲು ಮುಗಿಯುತ್ತದೆ. ಗೊಮ್ಮಟನನ್ನು ನೋಡಲೇಬೇಕೆನ್ನುವವರಿಗೆ ಸುಮಾರು 50 ಕಿ.ಮೀ. ದೂರದ ಕಾರ್ಕಳವೇ ಸೂಕ್ತ. 1432ರಲ್ಲಿ ಪ್ರತಿಷ್ಠಾಪಿತವಾದ ಅಲ್ಲಿನ ಏಕಶಿಲಾ ಮೂರ್ತಿ 42 ಅಡಿ ಎತ್ತರವಿದ್ದು, ದಾರಿಯಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ ಸಿಗುತ್ತದೆ. ನೌಕಾ ಸಂಸ್ಥೆಯೇ ಏರ್ಪಡಿಸಿದ ಪ್ರವಾಸ ತಡವಾದರೆ ನೌಕೆ ಸಾಮಾನ್ಯವಾಗಿ ಕಾಯುತ್ತದೆ. ಬಾಡಿಗೆ ಕಾರಿನಲ್ಲಿ ತಾವಾಗಿಯೇ ಹೋದವರಿಗೆ ಆ ಭರವಸೆಯಿಲ್ಲ. ನೌಕೆ ತಪ್ಪಿದರೆ ಮುಂದಿನ ಬಂದರನ್ನು ಸ್ವಂತ ಖರ್ಚಿನಲ್ಲಿ ತಲುಪಬೇಕಾಗುತ್ತದೆ.