ಯಂತ್ರಕ್ಕೊಬ್ಬ ದುಭಾಷಿ

ಹೊಸಬರು ಮನೆಗೆ ಬಂದರೆ ಹೆಸರು, ಊರು ವಿಚಾರಿಸಿ, ಕುಳ್ಳಿರಲು ಹೇಳಿ, ಆಮೇಲೆ ಬಂದ ಕಾರ್ಯವನ್ನು ಕೇಳುವುದು ಲೋಕರೂಢಿ. ಕಂಪ್ಯೂಟರಿನ ಯು.ಎಸ್.ಬಿ. ಕಿಂಡಿಗೆ ಒಂದು ಸಾಧನವನ್ನು ಸಿಕ್ಕಿಸಿದಾಗ ನಡೆಯುವುದೂ ಇದೇ ಉಪಚಾರ. ಕಂಪ್ಯೂಟರು ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸವನ್ನು ಗೊತ್ತುಮಾಡುತ್ತದೆ. ಸಾಧನವು 18 ಬೈಟುಗಳ ಪರಿಚಯಪತ್ರವನ್ನು ಒಪ್ಪಿಸುತ್ತದೆ. ಅದರಲ್ಲಿ ತಯಾರಕರ ಸಂಖ್ಯೆಯೂ ಸರಕಿನ ಸಂಖ್ಯೆಯೂ ಇರುತ್ತವೆ. ಅವನ್ನು ನೋಡಿ ಕಂಪ್ಯೂಟರು ಆ ಸಾಧನದ ಭಾಷೆ ಬಲ್ಲ ದುಭಾಷಿಯನ್ನು ಹುಡುಕುತ್ತದೆ. ಆ ದುಭಾಷಿಯ ಹೆಸರೇ ಡ್ರೈವರ್. ಅವನು ಸಿಗದಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಮೂಕವಸ್ತುವೇ ಸರಿ.

ಹಿಂದೆ ಕೀಲಿಮಣೆಗೊಂದು, ಮುದ್ರಣಯಂತ್ರಕ್ಕೊಂದು ಎಂದು ಕಿಂಡಿಗಳೇ ಬೇರೆಯಾಗಿದ್ದುವು. ಆ ತೊಡಕನ್ನು ನೀಗಿದ ಯು.ಎಸ್.ಬಿ.ಯ ಪ್ರಥಮ ನಿಯಮಾವಳಿ 1996ರಲ್ಲಿ ಹೊರಬಂದಿತು. ಇದಕ್ಕಾಗಿ ಶ್ರಮಿಸಿದ ಇಂಟೆಲ್ ಸಂಸ್ಥೆಯ ತಂಡದ ಪ್ರಮುಖರು ವಡೋದರೆಯಲ್ಲಿ ವ್ಯಾಸಂಗ ಮಾಡಿದ ಅಜಯ ಭಟ್ಟರು. ಕಿಂಡಿ ಒಂದಾಯಿತು, ಭಾಷೆಗಳು ಹಲವಾಗಿಯೇ ಉಳಿದುವು. ಕೀಲಿಮಣೆ, ಮೌಸುಗಳಂಥ ಸಾಮಾನ್ಯ ಸಾಧನಗಳಿಗೆ ಸಿದ್ಧ ಡ್ರೈವರುಗಳುಂಟು. ವಿಶಿಷ್ಟ ಸಾಧನಗಳಿಗೆ ಯಾರಾದರೂ ಕುಳಿತು ಬರೆಯಲೇಬೇಕು.

ಈ ವಿದ್ಯೆಗೆ ಕೈಹಾಕುವವರಿಗೆ ‘ಸಿ’ ಭಾಷೆಯ ಪರಿಚಯ ಅವಶ್ಯಕ. ಲಿನಕ್ಸ್ ಮೂಲಪಾಠದಲ್ಲಿ ಕಲಿಯುವವರಿಗೆಂದೇ ‘ಯು.ಎಸ್.ಬಿ. ಸ್ಕೆಲಿಟನ್’ ಎಂಬ ಮಾದರಿ ಡ್ರೈವರ್ ಉಂಟು. ಹೆಸರಿಗೆ ತಕ್ಕಂತೆ ಬರಿಯ ಅಸ್ಥಿಪಂಜರ. ಅದರಲ್ಲಿ ಮೊದಲು ಗಮನಿಸಬೇಕಾದ ಭಾಗಗಳು ಎರಡು. ‘ಪ್ರೋಬ್’ ಎಂಬುದು ಸಾಧನ ಬಂದಾಗ ಬರಮಾಡಿಕೊಳ್ಳುತ್ತದೆ. ‘ಡಿಸ್ಕನೆಕ್ಟ್’ ಎಂಬುದು ಹೊರಟಾಗ ಬೀಳ್ಕೊಡುತ್ತದೆ. ಮಾಹಿತಿಯ ಸಾಗಣೆಯಲ್ಲಿ ನಾಲ್ಕು ಬಗೆ: ಆಜ್ಞೆಗಳಿಗೊಂದು, ಮೌಸಿನಂತೆ ಆಗಾಗ ಅಲ್ಪಸ್ವಲ್ಪ ತಿಳಿಸುವುದಕ್ಕೊಂದು, ಕಡತಗಳ ದೊಡ್ಡ ಹೊರೆಗೊಂದು, ಧ್ವನಿ ಚಿತ್ರಗಳಂತೆ ಹೊತ್ತು ತಪ್ಪದೆ ತಲಪಬೇಕಾದುದಕ್ಕೊಂದು.

ಬರಮಾಡಿಕೊಳ್ಳುವುದಕ್ಕಿಂತ ಬೀಳ್ಕೊಡುವುದು ಕಷ್ಟ. ಕೆಲಸದ ನಡುವೆಯೇ ಮನೆಯ ಮಗು ತಂತಿಯನ್ನು ಕಿತ್ತೀತು. ಇಲ್ಲದ ಸಾಧನದೊಡನೆ ಡ್ರೈವರ್ ಮಾತು ಮುಂದುವರಿಸಿದರೆ ಅನಾಹುತ. ಸಾಮಾನ್ಯ ತಂತ್ರಾಂಶ ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಕೆರ್ನಲ್ ಎಂಬ ಗರ್ಭಗುಡಿಯಲ್ಲಿರುವ ಡ್ರೈವರ್ ತಪ್ಪಿದರೆ ಇಡೀ ಕಂಪ್ಯೂಟರೇ ಸ್ತಬ್ಧವಾದೀತು, ಉಳಿಸದ ಬರಹ ಹಾಳಾದೀತು. ಆದುದರಿಂದ ಹೊಸಬರು ಗರ್ಭಗುಡಿಯ ಹೊರಗಿನಿಂದಲೇ ಸಾಧನವನ್ನು ಮಾತನಾಡಿಸುವ ‘ಲಿಬ್‌ಯು.ಎಸ್.ಬಿ.’ಯಿಂದ ಆರಂಭಿಸುವುದು ಕ್ಷೇಮ. ಒಳಹೊಕ್ಕ ಮೇಲೂ ಪ್ರಯೋಗಗಳನ್ನು ಮನೆಮಂದಿಯ ಲೆಕ್ಕಪತ್ರಗಳಿಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ನಡೆಸುವುದು ವಿವೇಕ.

ಇಷ್ಟು ಶ್ರಮದಿಂದ ಫಲವೇನು? ತಯಾರಕರು ಹೊಸ ಡ್ರೈವರ್ ಒದಗಿಸುವುದನ್ನು ನಿಲ್ಲಿಸಿದರೆ ಸುಸ್ಥಿತಿಯಲ್ಲಿರುವ ಸ್ಕ್ಯಾನರೂ ಗುಜರಿಯ ಪಾಲಾಗುತ್ತದೆ. ಲಿನಕ್ಸಿನಲ್ಲಿ ‘ಸೇನ್’ ಎಂಬ ತಂತ್ರಾಂಶವು ಅಂಥ ಅನೇಕ ಹಳೆಯ ಸ್ಕ್ಯಾನರುಗಳನ್ನು ಇಂದಿಗೂ ದುಡಿಸುತ್ತಿದೆ. ಅವುಗಳ ಭಾಷೆಯನ್ನು ತಾಳ್ಮೆಯಿಂದ ಕಲಿತು ಬರೆದಿಟ್ಟವರ ಉಪಕಾರ ಅದು.