ಜೂನ್ ಒಂದಕ್ಕೆ ಫ್ಲೋಟ್ ಇಲ್ಲ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಂದ ಕೂಡಲೇ ನಮ್ಮ ಬುಕ್ಕುಗಳಲ್ಲಿ ಬರೋದು ಮೆಟ್ರೋ, ಫ್ಲೈಓವರ್, ಡ್ಯಾಮು. ನಾನು ಈ ಸಲ ಒಂದು ಚಿಕ್ಕ ಮನೆ ಬಗ್ಗೆ ಬರೀತೀನಿ. ಎರಡು ಬೆಡ್‌ರೂಮು, ಖರ್ಚು ಸುಮಾರು ₹9.85 ಲಕ್ಷ. ಆದ್ರೆ ಅಂಥವು ನೂರಾರು ಬೇಕು, ಅದೂ ಕೊಡಗಿನಲ್ಲಿ. ಕಾಯ್ತಾ ಇರೋರು ಬೆಟ್ಟ ಕುಸಿದು ಮನೆ ಕಳ್ಕೊಂಡವರು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಏನಾಯ್ತು ಅಂತ ನಿಮಗೆ ನೆನಪಿರಬಹುದು, ನಾವೆಲ್ಲ ಆಗ ಸ್ಕೂಲಲ್ಲಿದ್ವಿ. ಆಮೇಲೆ ಸರ್ಕಾರ ಜಂಬೂರು, ಮದೆನಾಡು, ಕರ್ಣಂಗೇರಿ ಮೊದಲಾದ ಕಡೆ ಜಾಗ ಗುರುತಿಸಿ ಪುನರ್ವಸತಿ ಮನೆಗಳನ್ನು ಕಟ್ಟಿಸೋಕೆ ಹೊರಟಿತು. ಜಂಬೂರಿನಲ್ಲಿ ಶಂಕುಸ್ಥಾಪನೆ ಆಗಿದ್ದು 2018ರ ಡಿಸೆಂಬರ್‌ನಲ್ಲಿ. ಜಂಬೂರು, ಮದೆನಾಡು ಎರಡೂ ಸೇರಿ 463 ಮನೆಗಳ ಹಸ್ತಾಂತರ ಆಗಿದ್ದು 2020ರ ಜೂನ್ ಮೊದಲ ವಾರ.

ಹದಿನೆಂಟು ತಿಂಗಳು! ಇಷ್ಟು ಸಣ್ಣ ಮನೆಗೆ ಇಷ್ಟು ದಿನಾನಾ ಅಂತ ಮೊದಲು ನನಗೂ ಅನ್ನಿಸ್ತು. ಆದ್ರೆ ಕ್ಯಾಲೆಂಡರ್ ತಿಂಗಳು ಬೇರೆ, ಕೆಲಸದ ತಿಂಗಳು ಬೇರೆ. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತೆ. ನಾಲ್ಕು ತಿಂಗಳು ಹೋಯ್ತು. 2019ರ ಆಗಸ್ಟ್‌ನಲ್ಲಿ ಮತ್ತೆ ಭೂಕುಸಿತ, ಆ ಸಲ ತೋರ ಗ್ರಾಮದಲ್ಲಿ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ಎಲ್ಲ ಕಳೆದ್ರೆ ಕೈಯಲ್ಲಿ ಉಳಿಯೋದು ಒಂದು ವರ್ಷದಷ್ಟು. ಅದರಲ್ಲೂ ಬಿಸಿಲಿರೋ ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕೂಲಿ ಆಳು ಸೈಟಿಗೂ ಬೇಕು, ತೋಟಕ್ಕೂ ಬೇಕು. ಇದು ಯಾವ ಟೆಕ್ಸ್ಟ್‌ಬುಕ್ಕಿನ ರಿಸೋರ್ಸ್ ಚಾರ್ಟ್‌ನಲ್ಲೂ ಇರಲ್ಲ.

ಈಗ ಕ್ರಿಟಿಕಲ್ ಪಾತ್ ವಿಷಯಕ್ಕೆ ಬರೋಣ. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯವರು ತಮ್ಮ ಕೆಮಿಕಲ್ ಪ್ಲಾಂಟ್‌ಗಳಿಗಾಗಿ ಮಾಡ್ಕೊಂಡ ಲೆಕ್ಕ ಇದು. ಯಾವ ಕೆಲಸ ತಡ ಆದ್ರೆ ಇಡೀ ಪ್ರಾಜೆಕ್ಟೇ ತಡ ಆಗುತ್ತೋ ಅಂಥ ಕೆಲಸಗಳ ಸರಪಳಿನೇ ಕ್ರಿಟಿಕಲ್ ಪಾತ್. ತಡ ಆದ್ರೂ ನಡೆಯುತ್ತೆ ಅನ್ನೋ ಕೆಲಸಕ್ಕಿರೋ ಸಡಿಲವೇ ಫ್ಲೋಟ್. ಮಾಮೂಲಿ ಲೆಕ್ಕದಲ್ಲಿ ಒಂದು ಕ್ರಿಟಿಕಲ್ ಕೆಲಸ ಹತ್ತು ದಿನ ತಡ ಆದ್ರೆ ಪ್ರಾಜೆಕ್ಟೂ ಹತ್ತು ದಿನ ತಡ.

ಕೊಡಗಿನಲ್ಲಿ ಈ ಲೆಕ್ಕ ಕೈ ಕೊಡುತ್ತೆ. ಮೋಲ್ಡ್ ಹಾಕೋ ಕೆಲಸ ಏಪ್ರಿಲ್ ಮೊದಲ ವಾರದಿಂದ ಹತ್ತು ದಿನ ಮುಂದಕ್ಕೆ ಹೋದ್ರೆ ಹತ್ತೇ ದಿನ ನಷ್ಟ. ಮೇ 25ರಿಂದ ಹತ್ತು ದಿನ ಹೋದ್ರೆ ನಾಲ್ಕು ತಿಂಗಳು ನಷ್ಟ. ತಾರಸಿ ಒಂದು ಬಿತ್ತು ಅಂದ್ರೆ ಹೊರಗೆ ಎಷ್ಟೇ ಮಳೆ ಸುರೀಲಿ, ಒಳಗೆ ಗಾರೆ, ವೈರಿಂಗ್, ಟೈಲ್ಸ್ ನಡೀತಾ ಇರುತ್ತೆ. ಹಾಗಾಗಿ ಇಲ್ಲಿ ಪ್ಲಾನ್ ಮಾಡೋರು ಮುಂದಿನಿಂದ ಹಿಂದಕ್ಕೆ ಎಣಿಸ್ಬೇಕು. ಐಎಸ್ 456 ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಸ್ಪ್ಯಾನ್ ಆದ್ರೆ ಸೆಂಟ್ರಿಂಗ್‌ನ ಊರುಗಂಬ ಕನಿಷ್ಠ 7 ದಿನ ನಿಂತಿರ್ಬೇಕು, ಅದಕ್ಕಿಂತ ಹೆಚ್ಚಿದ್ರೆ 14 ದಿನ. ಅಂದ್ರೆ ಮೇ ಎರಡನೇ ವಾರಕ್ಕೆ ಮೋಲ್ಡ್, ಏಪ್ರಿಲ್ ಮಧ್ಯಕ್ಕೆ ಗೋಡೆ, ಫೆಬ್ರವರಿಗೆ ಫೌಂಡೇಶನ್, ಜನವರಿಗೆ ಮಣ್ಣಿನ ಕೆಲಸ. ಹೀಗೇ ಎಣಿಸ್ತಾ ಹೋದ್ರೆ ಡ್ರಾಯಿಂಗ್, ಎಸ್ಟಿಮೇಟ್, ಟೆಂಡರ್ ಎಲ್ಲ ಹಿಂದಿನ ಮಳೆಗಾಲದಲ್ಲೇ ಮುಗಿದಿರ್ಬೇಕು ಅಂತಾಗುತ್ತೆ. ಮನೆ ತಡ ಆಯ್ತು ಅಂತ ನಾವು ಮೇಸ್ತ್ರಿನ ಬೈತೀವಿ. ನನ್ನ ಪ್ರಕಾರ ಅರ್ಧ ತಡ ಫೈಲಿನಲ್ಲೇ ಆಗಿರುತ್ತೆ.

ಹಾಗಂತ ಸಾಮಾನು ಮೊದಲೇ ತಂದು ಗುಡ್ಡೆ ಹಾಕಿದ್ರೆ ಆಯ್ತಲ್ವಾ ಅಂದ್ರೆ, ಜೆಲ್ಲಿ, ಎಂ ಸ್ಯಾಂಡ್‌ಗೆ ಸರಿ. ಜೋರು ಮಳೆಯಲ್ಲಿ ಘಾಟಿ ರಸ್ತೆಗಳಲ್ಲಿ ಭಾರಿ ಲಾರಿಗೆ ನಿರ್ಬಂಧ ಬರುತ್ತೆ, ತಂದಿಟ್ಕೊಳ್ಳೋದೇ ಬುದ್ಧಿ. ಸಿಮೆಂಟ್ ಮಾತ್ರ ಹಾಗಲ್ಲ. ಇಲ್ಲಿನ ಥಂಡಿಗೆ ಬೇಗ ಗಟ್ಟಿಯಾಗುತ್ತೆ, ಮೂರು ತಿಂಗಳು ದಾಟಿದ್ರೆ ಮತ್ತೆ ಟೆಸ್ಟ್ ಮಾಡದೆ ಬಳಸೋ ಹಾಗಿಲ್ಲ.

ಇನ್ನು ಲೀಡರ್‌ಶಿಪ್. ಸೆಮಿನಾರ್‌ಗಳಲ್ಲಿ ಲೀಡರ್ ಅಂದ್ರೆ ಒಬ್ಬ ಹೀರೋ. ಈ ಪ್ರಾಜೆಕ್ಟ್ ನೋಡಿ: ಶುರುವಾದಾಗ ಮುಖ್ಯಮಂತ್ರಿ ಕುಮಾರಸ್ವಾಮಿ, ಮನೆ ಕೊಡೋ ಹೊತ್ತಿಗೆ ಯಡಿಯೂರಪ್ಪ. ಜಿಲ್ಲಾಧಿಕಾರಿ ಶ್ರೀವಿದ್ಯಾ ಇದ್ದ ಜಾಗಕ್ಕೆ 2019ರಲ್ಲಿ ಅನೀಸ್ ಕಣ್ಮಣಿ ಜಾಯ್ ಬಂದ್ರು. ಮೇಲೆ ಕೂತವರು ಬದಲಾದ್ರೂ ಕೆಲಸ ನಿಲ್ಲಬಾರದು ಅಂದ್ರೆ ಯಾವ ಮನೆ ಯಾರಿಗೆ, ಯಾವ ಹಂತದಲ್ಲಿದೆ, ಯಾವ ಬಿಲ್ ಬಾಕಿ ಅನ್ನೋದು ಒಬ್ಬರ ತಲೆಯಲ್ಲಿ ಇದ್ರೆ ಸಾಲದು, ಕಾಗದದ ಮೇಲೆ ಇರ್ಬೇಕು. ಬೋರಿಂಗ್ ಕೆಲಸ, ಗೊತ್ತು. ರಿಜಿಸ್ಟರ್ ಬರೆದವರಿಗೆ ಯಾರೂ ಶಾಲು ಹೊದಿಸಲ್ಲ.

ಸೈಟಿನಲ್ಲಿ ಇನ್ನೊಂದು ಥರದ ಲೀಡರ್ ಬೇಕು. ಬೇಸಿಗೆಯಲ್ಲಿ ಜೆಸಿಬಿ ತಂದು ಗುಡ್ಡ ಕಡಿದ್ರೆ ಬರೆ ನೆಟ್ಟಗೆ ಗೋಡೆ ಥರ ನಿಲ್ಲುತ್ತೆ, ನೋಡೋಕೂ ಚೆಂದ. ಮಳೆ ನೀರು ಒಳಗಿಳಿದು ಮಣ್ಣು ಭಾರ ಆಗಿ, ಅದರ ಹಿಡಿತ ಸಡಿಲ ಆದಾಗ ಅದೇ ಬರೆ ಮನೆ ಮೇಲೆ ಬರುತ್ತೆ. ಇಳಿಜಾರು ಕೊಟ್ಟು, ಮೇಲ್ಗಡೆ ಚರಂಡಿ ತೋಡಿ ಆಮೇಲೆ ಪಾಯ ತೆಗೀರಿ ಅಂತ ಹೇಳೋರು ಬೇಕು. ಹೇಳಿದವನು ಡಿಪ್ಲೊಮಾ ಮುಗಿಸಿದ ಸೈಟ್ ಸೂಪರ್‌ವೈಸರ್ ಆಗಿರ್ಬಹುದು, ಅಲ್ಲೇ ಹುಟ್ಟಿ ಬೆಳೆದ ಮೇಸ್ತ್ರಿ ಆಗಿರ್ಬಹುದು. ಎದುರಿಗೆ ಮೇ ತಿಂಗಳ ಡೆಡ್‌ಲೈನ್ ಇಟ್ಕೊಂಡಿರೋ ಇಂಜಿನಿಯರ್ ನಾಲ್ಕು ದಿನ ಕೆಲಸ ನಿಲ್ಲಿಸಿ ಅದನ್ನ ಕೇಳ್ತಾನಾ ಅನ್ನೋದೇ ಪ್ರಶ್ನೆ. ಇನ್ನೆರಡು ವರ್ಷಕ್ಕೆ ಆ ಇಂಜಿನಿಯರ್ ನಮ್ಮ ಕ್ಲಾಸಿನವರೇ ಯಾರೋ ಆಗಿರ್ತಾರೆ.