ಜೋಂಪಿನ ನಂತರ ಬಿಚ್ಚಿದ ಗಂಟು

ಎಂಟು ಅಂಕಿಗಳ ಒಂದು ಸಾಲು. ಕೊಟ್ಟಿರುವ ಎರಡು ನಿಯಮಗಳನ್ನು ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತ ಹೋಗಿ ಕೊನೆಯ ಉತ್ತರ ಹೇಳಬೇಕು. ಲೆಕ್ಕ ಕಷ್ಟದ್ದಲ್ಲ, ಬೇಸರದ್ದು. ಆದರೆ ಅದರಲ್ಲೊಂದು ಒಳದಾರಿ ಅಡಗಿತ್ತು: ಎರಡನೇ ಹೆಜ್ಜೆಯಲ್ಲಿ ಸಿಗುವ ಅಂಕಿಯೇ ಪ್ರತಿ ಸಲವೂ ಕೊನೆಯ ಉತ್ತರ. ಅದು ಗೊತ್ತಾದವರಿಗೆ ಉಳಿದ ಹೆಜ್ಜೆಗಳ ಗೊಡವೆಯೇ ಇಲ್ಲ.

ಪ್ಯಾರಿಸ್‌ನ ಮಿದುಳು ಸಂಶೋಧನಾ ಸಂಸ್ಥೆಯ ಸೆಲಿಯಾ ಲಾಕೋ, ಡೆಲ್ಫಿನ್ ಉದಿಯೆತ್ ಮತ್ತು ಸಂಗಡಿಗರು ಈ ಲೆಕ್ಕವನ್ನು 103 ಜನರ ಮುಂದಿಟ್ಟರು. ಒಂದಷ್ಟು ಲೆಕ್ಕ ಮಾಡಿಸಿ, ಒಳದಾರಿ ಇನ್ನೂ ಹೊಳೆಯದವರನ್ನು ಕತ್ತಲೆ ಕೋಣೆಯಲ್ಲಿ ಒರಗುಕುರ್ಚಿಯ ಮೇಲೆ 20 ನಿಮಿಷ ಕಣ್ಣು ಮುಚ್ಚಿ ಕೂರಿಸಿದರು. ತಲೆಗೆ ಮಿದುಳಿನ ಅಲೆಗಳನ್ನು ದಾಖಲಿಸುವ ತಂತಿಗಳು, ಕೈಯಲ್ಲೊಂದು ಲೋಟ. ನಿದ್ದೆ ಹತ್ತಿ ಹಿಡಿತ ಸಡಿಲವಾದರೆ ಲೋಟ ನೆಲಕ್ಕೆ ಬಿದ್ದು, ಆ ಸದ್ದಿಗೆ ಎಚ್ಚರವಾಗುತ್ತದೆ.

ಈ ಉಪಾಯ ಹಳೆಯದು. ಥಾಮಸ್ ಎಡಿಸನ್ ಕೈಯಲ್ಲಿ ಲೋಹದ ಗುಂಡು ಹಿಡಿದು ತೂಕಡಿಸುತ್ತಿದ್ದ ಎಂಬ ಮಾತಿದೆ. ಚಿತ್ರಕಾರ ಸಾಲ್ವಡಾರ್ ಡಾಲಿ ಬೆರಳುಗಳ ನಡುವೆ ಬೀಗದ ಕೈ ಹಿಡಿದು, ಕೆಳಗೆ ತಟ್ಟೆಯೊಂದನ್ನು ಬೋರಲು ಹಾಕಿಕೊಳ್ಳುವ ವಿಧಾನವನ್ನು 1948ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ.

2021ರಲ್ಲಿ ಪ್ರಕಟವಾದ ಪ್ಯಾರಿಸ್ ಪ್ರಯೋಗದ ಫಲಿತಾಂಶ ಹೀಗಿತ್ತು. ಎಚ್ಚರವಾಗಿಯೇ ಉಳಿದವರಲ್ಲಿ ಒಳದಾರಿ ಕಂಡವರು ಶೇ. 30. ನಿದ್ದೆಯ ಮೊದಲ ಹಂತದಲ್ಲಿ, ಅಂದರೆ ಬರೀ ಮಂಪರಿನಲ್ಲಿ, ಕನಿಷ್ಠ 15 ಸೆಕೆಂಡು ಕಳೆದವರಲ್ಲಿ ಶೇ. 83. ಇನ್ನೂ ಆಳದ ಎರಡನೇ ಹಂತಕ್ಕೆ ಇಳಿದವರಲ್ಲಿ ಕೇವಲ ಶೇ. 14! ಆದರೆ ಈ ಜ್ಞಾನೋದಯ ಕಣ್ಣು ಬಿಟ್ಟ ಕೂಡಲೇ ಆದದ್ದಲ್ಲ. ಮತ್ತೆ ಲೆಕ್ಕಕ್ಕೆ ಕೂತು, ಸರಾಸರಿ 94 ಲೆಕ್ಕ ಮುಗಿಸಿದ ಮೇಲಷ್ಟೇ ಗುಟ್ಟು ಹೊಳೆದದ್ದು.

ಹಾಗಾದರೆ ಮಂಪರೇ ಮೇಲು, ನಿದ್ದೆ ಕೆಡುಕು ಎನ್ನೋಣವೇ? ಅಷ್ಟು ಬೇಗ ಬೇಡ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಅನಿಕಾ ಲೋವೆ ಮತ್ತು ಸಂಗಡಿಗರು 90 ಜನರಿಗೆ ಬೇರೊಂದು ಕೆಲಸ ಕೊಟ್ಟರು. ಪರದೆಯ ಮೇಲೆ ಓಡಾಡುವ ಚುಕ್ಕಿಗಳು ಯಾವ ಕಡೆಗೆ ಸಾಗುತ್ತಿವೆ ಎಂದು ಗುರುತಿಸಬೇಕು. ಚುಕ್ಕಿಗಳ ಬಣ್ಣದಲ್ಲೇ ಉತ್ತರದ ಸುಳಿವಿದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಇಲ್ಲೂ 20 ನಿಮಿಷದ ವಿರಾಮ. 2025ರಲ್ಲಿ ಪ್ರಕಟವಾದ ಫಲಿತಾಂಶ ಪ್ಯಾರಿಸ್‌ನದಕ್ಕೆ ತಿರುಗುಮುರುಗು: ಎರಡನೇ ಹಂತ ಮುಟ್ಟಿದವರಲ್ಲಿ ಶೇ. 85.7 ಮಂದಿಗೆ ಗುಟ್ಟು ಸಿಕ್ಕಿತು, ಮಂಪರಿನಲ್ಲೇ ಉಳಿದವರಲ್ಲಿ ಶೇ. 63.6, ಎಚ್ಚರವಿದ್ದವರಲ್ಲಿ ಶೇ. 55.5.

ಎಷ್ಟು ಆಳಕ್ಕೆ ಇಳಿದರೆ ಲಾಭ ಎಂಬುದು ಬಹುಶಃ ಸಮಸ್ಯೆಯ ಸ್ವರೂಪಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡೂ ಪ್ರಯೋಗಗಳಿಗೆ ಸಮಾನವಾದ ಸಂಗತಿಯೊಂದಿದೆ: ಎಲ್ಲರೂ ಮಲಗುವ ಮೊದಲೇ ಸಮಸ್ಯೆಯ ಜೊತೆ ಗುದ್ದಾಡಿದ್ದರು. ತಲೆಗೆ ಹಾಕಿಕೊಳ್ಳದ ಲೆಕ್ಕವನ್ನು ನಿದ್ದೆ ಬಿಡಿಸಿಕೊಟ್ಟಿದ್ದು ಇಲ್ಲೆಲ್ಲೂ ಇಲ್ಲ.

ಪರೀಕ್ಷಿಸಿ ನೋಡುವ ಆಸೆಯಿರುವವರು ಊಟದ ನಂತರ 20 ನಿಮಿಷಕ್ಕೆ ಅಲಾರಂ ಇಟ್ಟು ಒರಗಬಹುದು. ನಿದ್ದೆ ಅರ್ಧ ಗಂಟೆ ದಾಟಿ ಗಾಢವಾದರೆ ಎದ್ದಮೇಲೂ ಸ್ವಲ್ಪ ಹೊತ್ತು ತಲೆ ಭಾರ, ಮಂಕು. ರಾತ್ರಿ ನಿದ್ದೆ ಬಾರದೆ ಹೊರಳಾಡುವವರು ಮಾತ್ರ ಹಗಲಿನ ಈ ಪ್ರಯೋಗಕ್ಕೆ ಕೈ ಹಾಕದಿರುವುದೇ ಲೇಸು.